ತೋರಿಸಿಕೊಟ್ಟವನು

ಮಗಳು ತೀರಿಹೋದ ಅಪ್ಪನ ಕಾಲಿಗೆ ಬೂಟು ತೊಡಿಸಲು ಹೆಣಗುತ್ತಿದ್ದಳು. ಹಿಮ್ಮಡಿ ಒಳಗೆ ಹೋಗಲೊಲ್ಲದು.

"ಬಿಡೇ," ಎಂದಳು ತಾಯಿ. "ಆ ಬೂಟಲ್ಲಿ ಸವೆದದ್ದು ಸಾಕು. ಮನೇಲಿ ಹಾಕ್ಕೊಳ್ತಿದ್ರಲ್ಲ, ಆ ಚಪ್ಪಲಿ ತಾ."

ಹೊರಕೋಣೆಯಲ್ಲಿ ನೆರೆಯವರು ಡ್ರೈವರಣ್ಣನ ಗುಣಗಾನ ಮಾಡುತ್ತಿದ್ದರು. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಒಬ್ಬರೇ ಸಾಹೇಬರ ಕಾರು ಓಡಿಸಿದವನು. ಅವರು ಕ್ಯಾಪ್ಟನ್ ಆಗಿದ್ದಾಗಿನಿಂದ ಜನರಲ್ ಆಗುವವರೆಗೂ, ಅವರು ಹೋದಲ್ಲೆಲ್ಲ ಇವನೂ ಹೋದ.

"ಅಂಥಾ ನಂಬಿಕೆ ಯಾರಿಗೆ ಸಿಗತ್ತೆ ಹೇಳಿ," ಎಂದ ಪಕ್ಕದ ಮನೆಯ ಕ್ಷೌರಿಕ. "ಬೇರೆ ಕಡೆ ವರ್ಗ ಕೇಳಿದ್ರೂ ಸಾಹೇಬ್ರು ಕಳಿಸಲಿಲ್ಲವಂತೆ."

"ಹೌದು, ಕಳಿಸಲಿಲ್ಲ," ಎಂದಳು ಡ್ರೈವರಣ್ಣನ ಹೆಂಡತಿ ಒಳಗಿನಿಂದಲೇ.

*

ಡ್ರೈವರ್ ಆಗುವ ಮೊದಲು, ಇವನಿನ್ನೂ ಬರೀ ಸಿಪಾಯಿಯಾಗಿದ್ದ ವರ್ಷ, ಸೈನ್ಯದ ಒಂದು ತುಕಡಿ ದಂಗೆಯೆದ್ದಿತ್ತು. ಅದರ ಮುಂದಾಳು ಸೇನಾಧಿಪತಿಗಳ ಸ್ವಂತ ಮಗ. ದಂಗೆ ಅಡಗಿಸಲು ಇವನ ಪಡೆ ಹೊರಡುವ ಮುನ್ನ ಅವರು ಮೈದಾನದಲ್ಲಿ ಎಲ್ಲರೆದುರು, "ನನ್ನ ಮಗನನ್ನ ಜೀವಂತ ಹಿಡಿದು ತನ್ನಿ," ಎಂದಿದ್ದರು. ಲಾರಿ ಹತ್ತಿದ ಮೇಲೆ ಕ್ಯಾಪ್ಟನ್ ಸಾಹೇಬರು ದನಿ ತಗ್ಗಿಸಿ, "ಕಂಡಲ್ಲೇ ಮುಗಿಸಿ," ಎಂದರು.

ಕಂಡವನು ಇವನೇ. ಬೇಲಿ ಹಾರುವಾಗ ಬೆನ್ನುಚೀಲದ ಪಟ್ಟಿ ಮುಳ್ಳುತಂತಿಗೆ ಸಿಕ್ಕಿ, ಸೇನಾಧಿಪತಿಯ ಮಗ ಕಾಲು ನೆಲಕ್ಕೆ ಎಟುಕದೆ ನೇತಾಡುತ್ತಿದ್ದ. ಬಂದೂಕು ಕೆಳಗೆ ಬಿದ್ದಿತ್ತು.

"ಇಳಿಸಣ್ಣ," ಎಂದ.

ಇಳಿಸಿದರೆ ಒಂದು ಆಜ್ಞೆ ಮುರಿದಂತೆ, ಹೊಡೆದರೆ ಇನ್ನೊಂದು. ಇವನು ಎರಡನ್ನೂ ಮಾಡದೆ ಓಡಿಹೋಗಿ ಸಾಹೇಬರಿಗೆ ಸುದ್ದಿ ಮುಟ್ಟಿಸಿದ.

"ಯಾಕೆ ಹೊಡೀಲಿಲ್ಲ?"

"ದೊಡ್ಡ ಸಾಹೇಬ್ರ ಮಾತು ಎಲ್ಲರೂ ಕೇಳಿದ್ದಾರೆ ಸಾರ್. ನಾಳೆ ವಿಚಾರಣೆ ಬಂದ್ರೆ ನೀವೇ ನನ್ನ ಮೇಲೆ ಹಾಕ್ತೀರಿ."

"ಎಲ್ಲಿದ್ದಾನೆ, ಅದನ್ನಾದ್ರೂ ಹೇಳು."

ಅದೂ ಆಜ್ಞೆಯೇ. ಬೆರಳು ಮಾಡಿ ತೋರಿಸಿದ. ಸ್ವಲ್ಪ ಹೊತ್ತಿಗೆ ಮೂರು ಗುಂಡಿನ ಸದ್ದು ಕೇಳಿತು.

ಕಾದಾಟದಲ್ಲಿ ಸತ್ತನೆಂದು ಬರೆದ ಕಾಗದಕ್ಕೆ ಸಾಹೇಬರು ಇವನ ಸಹಿ ಹಾಕಿಸಿಕೊಂಡರು. ಮರುವಾರವೇ ತಮ್ಮ ಡ್ರೈವರ್ ಮಾಡಿಕೊಂಡರು. ಕನ್ನಡಿಯಲ್ಲಿ ಅವರ ಕಣ್ಣು ಸದಾ ಇವನ ಮೇಲೆ. ಹೆಂಡತಿಗೆ ಮಾತ್ರ ಒಮ್ಮೆ ಹೇಳಿದ್ದ: "ನಾನು ಹೊಡೀಲಿಲ್ಲ. ತೋರಿಸಿದೆ."

*

ಊರುಗೋಲು ಊರಿಕೊಂಡು ಬಂದ ಮುದಿ ಜನರಲ್ ವಿಧವೆಯನ್ನು ಪಕ್ಕಕ್ಕೆ ಕರೆದರು.

"ಏನಾದ್ರೂ ಬರೆದಿಟ್ಟಿದ್ದಾನೇನಮ್ಮ?"

"ಬರೆಯೋಕೆ ಕೈಗೆಲ್ಲಿ ಬಿಡುವಿತ್ತು ಸಾಹೇಬ್ರೇ? ನಿಮ್ಮ ಸ್ಟೇರಿಂಗ್ ಹಿಡ್ಕೊಂಡಿತ್ತಲ್ಲ."

ಅವರ ಮುಖ ಸಡಿಲವಾಯಿತು. ಪ್ರಾರ್ಥನಾ ಮಂದಿರದಲ್ಲಿ ಮೊದಲ ಬೆಂಚಿನ ನಡುವೆಯೇ ಕುಳಿತರು.

ಧರ್ಮಗುರುಗಳ ಕೈಗೆ ಅವಳು ಗಂಡನ ಧರ್ಮಗ್ರಂಥವನ್ನು ಪುಟ ತೆರೆದೇ ಕೊಟ್ಟಳು.

"ಇದು ಯುದ್ಧದ ಕತೆ ತಾಯಿ. ಇಂಥ ದಿನ ಓದೋದಲ್ಲ."

"ಅವರು ಓದ್ತಿದ್ದದ್ದು ಇದೊಂದೇ. ಓದಿ."

ಅವರು ಓದತೊಡಗಿದರು: ದಂಗೆಯೆದ್ದ ಮಗನನ್ನು ಉಳಿಸಿರೆಂದ ಹೀಬ್ರೂ ಅರಸ, ಮರಕ್ಕೆ ಸಿಕ್ಕಿ ನೇತಾಡಿದ ಆ ಮಗ, ಕಂಡೂ ಮುಟ್ಟದೆ ಬಂದು ಹೇಳಿದ, ಹೆಸರಿಲ್ಲದ ಒಬ್ಬ ಸಿಪಾಯಿ, ಕೇಳಿದೊಡನೆ ಮೂರು ಈಟಿ ಹಿಡಿದು ಹೊರಟ ಅರಸನ ದಂಡನಾಯಕ.

ಜನರಲ್ ಅರ್ಧ ಎದ್ದರು. ಎರಡೂ ಪಕ್ಕ ಜನರ ಮೊಣಕಾಲು, ಮುಂದೆ ಶವಪೆಟ್ಟಿಗೆ. ಪಾಪ, ದುಃಖ ತಡೆಯಲಾಗಲಿಲ್ಲವೇನೋ ಎಂದುಕೊಂಡ ಕ್ಷೌರಿಕ ಅವರ ತೋಳು ಹಿಡಿದು ಮೆಲ್ಲಗೆ ಕೂರಿಸಿದ. ಓದು ಮುಗಿಯುವವರೆಗೂ ಹಿಡಿದುಕೊಂಡೇ ಇದ್ದ.