ಕತ್ತರಿ ಹಿಡಿದ ಕೈ

ತಮ್ಮನ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಅಕ್ಕನ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅವನಿಗೆ ಅಳತೆಪಟ್ಟಿ ಹಿಡಿಯಲು ಕಲಿಸಿದವಳೂ ಅವಳೇ. ಈಚೆಗೆ ಕತ್ತರಿ ಎತ್ತಿದರೆ ಸಾಕು, ಬಲಗೈಯ ಕೊನೆಯ ಎರಡು ಬೆರಳು ಅಂಗೈಯೊಳಕ್ಕೆ ಮುದುರಿಕೊಳ್ಳುತ್ತಿದ್ದವು, ಮಣಿಕಟ್ಟು ಸೊಟ್ಟಗೆ ತಿರುಗುತ್ತಿತ್ತು. ಕತ್ತರಿ ಕೆಳಗಿಟ್ಟರೆ ಕೈ ಮತ್ತೆ ಸರಿಹೋಗುತ್ತಿತ್ತು.

ಅವಳು ಕೋಟಿನ ಬಟ್ಟೆಯನ್ನು ಗೆರೆ ತಪ್ಪಿ ಕತ್ತರಿಸಿದ ದಿನ ಗಿರಾಕಿಗಳ ಎದುರೇ ತಮ್ಮ ಹಂಗಿಸಲು ಶುರುಮಾಡಿದ. "ನೋಡಿ ಸ್ವಾಮಿ, ನಮ್ಮಕ್ಕನ ಕೈ! ಟೀ ಲೋಟ ಹಿಡಿಯೋಕೆ ನೆಟ್ಟಗಿರುತ್ತೆ, ಕೆಲಸ ಅಂದ್ರೆ ಮುನಿಸ್ಕೊಳ್ಳುತ್ತೆ."

ಗಿರಾಕಿಗಳು ನಕ್ಕರು. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಲೋಟದ ಮಾತು ಸುಳ್ಳಲ್ಲವಲ್ಲ ಎಂಬುದು ಅವಳನ್ನು ಇನ್ನೂ ಸುಟ್ಟಿತು. ನನಗೆ ನಾನೇ ಮೋಸ ಮಾಡಿಕೊಳ್ಳುತ್ತಿದ್ದೇನೆಯೇ ಎಂದೂ ಅನ್ನಿಸಿತು.

ನರರೋಗದ ಡಾಕ್ಟರಮ್ಮ ಅವಳ ಕೈಗೆ ಕತ್ತರಿ ಕೊಟ್ಟು, ಹಳೇ ಪೇಪರು ಕತ್ತರಿಸುವಂತೆ ಹೇಳಿ ನೋಡಿದರು.

"ಇದು ನಾಟಕ ಅಲ್ಲಮ್ಮ. ಒಂದು ಬೆರಳು ಆಡ್ಬೇಕಾದ್ರೆ ಪಕ್ಕದ್ದು ಸುಮ್ನಿರ್ಬೇಕು. ಹಾಗೆ ತಡೆಯೋಕೇ ಮೆದುಳಲ್ಲಿ ಬೇರೆ ಜೀವಕೋಶಗಳಿವೆ. ನೀವು ಕತ್ತರಿ ಹಿಡಿದಾಗ ಅವುಗಳ ತಡೆ ಸಾಲ್ತಿಲ್ಲ. ಬೇಡದ ಸ್ನಾಯುಗಳೂ ಎಳೀತಿವೆ."

"ಮತ್ತೆ ಟೀ ಲೋಟ?"

"ಈ ಕಾಯಿಲೆನೇ ಹಾಗೆ. ವರ್ಷಗಟ್ಲೆ ಮಾಡಿದ ಕೆಲಸದಲ್ಲೇ ಕಾಡುತ್ತೆ. ಇಂಜೆಕ್ಷನ್ ಕೊಟ್ರೆ ಸಡಿಲ ಆಗುತ್ತೆ. ಪೂರ್ತಿ ಹೋಗುತ್ತೆ ಅಂತ ಹೇಳಲ್ಲ."

ಅವಳು ನೆಟ್ಟಗೆ ಅಂಗಡಿಗೆ ಬಂದು ಎಲ್ಲವನ್ನೂ ಹೇಳಿದಳು. ಹೊಲಿಯುತ್ತಿದ್ದ ಬಟ್ಟೆಯಿಂದ ತಮ್ಮ ತಲೆ ಎತ್ತಲಿಲ್ಲ. "ಓಹೋ, ಸೋಂಬೇರಿತನ ಈಗ ಮೆದುಳಿಗೇ ಹತ್ತಿತಾ?"

ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಬಾಯ್ಮುಚ್ಚೋ! ನನ್ನ ಮೆದುಳು ಬೆರಳನ್ನ ತಡೀತಿಲ್ಲ, ಅದು ಕಾಯಿಲೆ. ನಿನ್ನ ನಾಲಿಗೆಗೆ ತಡೆ ಇಲ್ವಲ್ಲ, ಅದಕ್ಕೇನಂತಾರೆ ಗೊತ್ತಾ? ಕೊಬ್ಬು!"

ಹೊಲಿಯುತ್ತಿದ್ದವರ ಮಿಷನ್‌ಗಳೆಲ್ಲ ನಿಂತವು. ಅವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಇಂಜೆಕ್ಷನ್‌ನಿಂದ ಬೆರಳು ಅಷ್ಟಿಷ್ಟು ಸಡಿಲವಾಯಿತು. ದಪ್ಪ ಹಿಡಿಯ ಕತ್ತರಿ ಮಾಡಿಸಿಕೊಂಡು, ಎದುರು ಸಾಲಿನ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಕೈ ನಿಧಾನ, ಗೆರೆ ಮಾತ್ರ ತಪ್ಪುತ್ತಿರಲಿಲ್ಲ.

ಒಂದು ಸಂಜೆ ತಮ್ಮ ಅವಳ ಮನೆಬಾಗಿಲಿಗೆ ಬಂದ. "ಡಾಕ್ಟರಮ್ಮನ್ನೇ ಕೇಳ್ದೆ ಅಕ್ಕ. ನಿಜಾನಂತೆ. ಬಂದ್ಬಿಡು."

"ಡಾಕ್ಟರು ಹೇಳಿದ್ಮೇಲೆ ಬೀದೀಲಿ ಹೋಗೋರೂ ನಂಬ್ತಾರೆ," ಅಂದಳು ಅಕ್ಕ. "ಅದಕ್ಕೆ ಒಡಹುಟ್ಟಿದೋನು ಬೇಕಾ?"

ಅವನು ಇನ್ನೇನೋ ಹೇಳುವಷ್ಟರಲ್ಲಿ ಅವಳು ಕದ ಹಾಕಿಕೊಂಡಳು.