ಕಾರಣ ಕಾಣದ ಷರತ್ತು

"ರೀ, ಕಾಲು ಅಲ್ಲಾಡಿಸೋದು ನಿಲ್ಲಿಸಿ. ಟೇಬಲ್ಲೇ ನಡುಗ್ತಾ ಇದೆ," ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ.

ಪಕ್ಕದ ಕುರ್ಚಿಯಲ್ಲಿದ್ದ ಗಂಡ ಕಾಲು ನಿಲ್ಲಿಸಿದ. ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಶುರುಮಾಡಿದ. ಆಮೇಲೆ ಎದ್ದು ಹೋಗಿ ನೀರು ಕುಡಿದು ಬಂದ. ಬೆಳಗಿನಿಂದ ಅವನು ಅದೆಷ್ಟು ಸಲ ಹಾಗೆ ಎದ್ದು ಹೋಗಿದ್ದನೋ. ಬಾಯಾರಿಕೆಯೇನೂ ಇರಲಿಲ್ಲ, ಆ ಪರದೆಯ ಎದುರು ಕೂರಲಾಗುತ್ತಿರಲಿಲ್ಲ ಅಷ್ಟೆ.

ಬಸ್ ಸಾರಿಗೆ ಕಚೇರಿಯ ಮೇಲಿನ ಮಹಡಿಯ ಆ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ಬಹುಕಾಲದಿಂದ ಕೆಲಸ ಮಾಡುತ್ತಿದ್ದರು. ಯಾವ ಡ್ರೈವರಿಗೆ ಯಾವ ದಿನ ಯಾವ ಮಾರ್ಗ ಎಂದು ಹಂಚುವ ಪ್ರೋಗ್ರಾಂ ಅವನದೇ ಕೈಕೆಲಸ. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಈಗ ಆ ಭಾಷೆ ಬಲ್ಲವರು ಕಚೇರಿಯಲ್ಲಿ ಅವನೊಬ್ಬನೇ. ಅದು ಓಡುತ್ತಿದ್ದ ಯಂತ್ರಕ್ಕೆ ಬಿಡಿಭಾಗ ಸಿಗುವುದೂ ನಿಂತುಹೋಗಿತ್ತು. ಹೊಸ ಮ್ಯಾನೇಜರ್ ಮೇಡಂ ಬಂದವರೇ ಕೃತಕ ಬುದ್ಧಿಮತ್ತೆಯ ಸಾಧನವೊಂದನ್ನು ತರಿಸಿದ್ದರು. ಅದು ಹಳೆಯ ಕೋಡನ್ನು ಓದಿ ಹೊಸ ಭಾಷೆಯಲ್ಲಿ ಬರೆದುಕೊಡುತ್ತಿತ್ತು. ಅರ್ಥವಾಗದ ಕಡೆ ನಿಂತು ಪ್ರಶ್ನೆ ಕೇಳುತ್ತಿತ್ತು. ಬರೆದದ್ದನ್ನು ಪರೀಕ್ಷಿಸುವುದು ಅವಳ ಪಾಲಿಗೆ ಬಂದಿತ್ತು, ಪ್ರಶ್ನೆಗೆ ಉತ್ತರ ಹೇಳುವುದು ಅವನ ಪಾಲಿಗೆ.

"ಎರಡು ದಿನಕ್ಕೆ ಮುಗ್ಗರಿಸುತ್ತೆ ನೋಡ್ತಿರು," ಎಂದು ಅವನು ಮೊದಮೊದಲು ಹೇಳಿಕೊಂಡು ತಿರುಗಿದ್ದ. ಅದು ಮುಗ್ಗರಿಸಲಿಲ್ಲ. ಅವನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಕಟ್ಟಿದ್ದ ರಜೆಯ ಲೆಕ್ಕಾಚಾರವನ್ನು ಅದು ಅವನು ಚಹಾ ಕುಡಿದು ಬರುವಷ್ಟರಲ್ಲಿ ಹೊಸ ಭಾಷೆಗೆ ತಿರುಗಿಸಿಟ್ಟಿತ್ತು. ಅವಳು ಪರೀಕ್ಷಿಸಿದಳು; ಸರಿಯಾಗಿತ್ತು. ಆ ದಿನ ಅವನು ಊಟದ ಡಬ್ಬಿ ಬಿಚ್ಚಲೇ ಇಲ್ಲ.

"ಇಲ್ಲೊಂದು ಕಡೆ ನಿಂತಿದೆ," ಎಂದಳು ಈಗ.

ಅವನ ಮುಖ ಅರಳಿತು. "ಎಲ್ಲಿ? ಸಿಕ್ಕಿಬಿತ್ತಾ?" ಎಂದು ಕುರ್ಚಿ ಎಳೆದುಕೊಂಡು ಬಂದ.

ಪರದೆಯ ಮೇಲೆ ಹೀಗಿತ್ತು: "ಈ ಒಬ್ಬ ನೌಕರನ ಸಂಖ್ಯೆ ಬಂದಾಗ ಹದಿನೇಳನೇ ಮಾರ್ಗವನ್ನು ಬಿಟ್ಟು ಹಂಚಲಾಗುತ್ತಿದೆ. ಇದಕ್ಕೆ ಕಾರಣ ಕಾಣುತ್ತಿಲ್ಲ. ಇಟ್ಟುಕೊಳ್ಳಬೇಕೇ, ತೆಗೆಯಬೇಕೇ?"

ಅರಳಿದ ಮುಖ ಹಾಗೇ ಮುದುಡಿತು. "ಇಟ್ಕೋ ಅಂತ ಹಾಕು."

"ಕಾರಣ ಬರೀಬೇಕಲ್ಲ."

"ಕಾರಣ ಗೀರಣ ಏನಿಲ್ಲ. ಇರಲಿ ಅಂದ್ರೆ ಇರಲಿ."

"ಯಾರ ಸಂಖ್ಯೆ ರೀ ಇದು?"

ಅವನು ಕಿಟಕಿಯ ಕಡೆ ನೋಡುತ್ತ ಹೇಳಿದ, "ಮೆಲ್ಲಣ್ಣನದು."

ಮೆಲ್ಲಣ್ಣ ಎಂದರೆ ಡಿಪೋದ ಹಳೆಯ ಡ್ರೈವರ್. ನಿಧಾನವಾಗಿ ಓಡಿಸುತ್ತಾನೆಂದು ಜೊತೆಯವರು ಇಟ್ಟ ಹೆಸರು ಅದು. ಒಂದು ಕಾಲದಲ್ಲಿ ಅವನು ಹಾಗಿರಲಿಲ್ಲ. ಹದಿನೇಳನೇ ಮಾರ್ಗದಲ್ಲಿ, ಹಿಟ್ಟಿನ ಗಿರಣಿಯ ಹತ್ತಿರದ ಇಳಿಜಾರಿನ ತಿರುವಿನಲ್ಲಿ, ಬ್ರೇಕು ಹಿಡಿಯದ ಸೈಕಲ್ಲಿನಲ್ಲಿ ಬಂದ ಹೆಂಗಸೊಬ್ಬಳು ಅವನ ಬಸ್ಸಿನ ಮುಂದೆ ಬಿದ್ದು ಸತ್ತಿದ್ದಳು. ತನಿಖೆಯಲ್ಲಿ ಡ್ರೈವರನ ತಪ್ಪಿಲ್ಲ ಎಂದಾಯಿತು. ಇದೆಲ್ಲ ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಗಂಡ ಈಗ ಹೇಳಿದ.

"ತನಿಖೆ ದಿನ ಕಾರಿಡಾರಲ್ಲಿ ಬೆಂಚಿನ ಮೇಲೆ ಕೂತಿದ್ದ. ಯಾರೋ ನೀರು ಕೊಟ್ರು. ಲೋಟ ಬಾಯಿಗೆ ತರೋಕೆ ಆಗ್ಲಿಲ್ಲ ಕಣೇ ಅವನಿಗೆ, ಅಂಗಿಯೆಲ್ಲ ಒದ್ದೆ. ಮೇಲೆ ಬಂದು ಈ ಸಾಲು ಸೇರಿಸಿದೆ. ಆ ದಾರಿಯಲ್ಲಿ ಮತ್ತೆ ಹೋಗೋದು ಬೇಡ ಅಂತ. ಯಾರಿಗೂ ಹೇಳಲಿಲ್ಲ."

"ಮೆಲ್ಲಣ್ಣಂಗೂ?"

"ಅವನಿಗೆ ಹೇಳೋದೇನಿದೆ? ನೆಮ್ಮದಿಯಾಗಿದ್ದಾನೆ, ಸಾಕು."

ವಿಷಯ ಕೇಳಿದ ಮ್ಯಾನೇಜರ್ ಮೇಡಂ ಮಾತ್ರ ಒಪ್ಪಲಿಲ್ಲ. "ಒಬ್ಬರ ಹೆಸರಲ್ಲಿ ಹೀಗೆ ಷರತ್ತು ಇರಬಾರದು. ಅವರಿಗೇ ಬೇಕಿದ್ರೆ ಬರೆದುಕೊಡ್ಲಿ, ಇಟ್ಕೊಳ್ಳೋಣ. ಇಲ್ಲಾಂದ್ರೆ ತೆಗೀರಿ. ಮುಂದಿನ ವಾರ ಹೊಸದು ಓಡಬೇಕು," ಎಂದರು.

"ನಾನೇ ಹೋಗಿ ಕೇಳಿ ಬರ್ತೀನಿ," ಎಂದಳು ಅವಳು.

ಗಂಡ ಮೆಟ್ಟಿಲವರೆಗೂ ಹಿಂದೆ ಬಂದ. "ಬೇಡ ಕಣೇ. ಆರಿದ ಗಾಯ ಯಾಕೆ ಕೆದಕ್ತೀಯ? ಅದಕ್ಕೇನು, ಮೆಷಿನ್ನು. ಬಾಯಿಗೆ ಬಂದಿದ್ದು ಕೇಳುತ್ತೆ. ನಾವೂ ಹಾಗೇ ಆಗೋದಾ?"

ಅವಳು ಇಳಿದೇ ಹೋದಳು.

ಡಿಪೋದ ಅಂಗಳದಲ್ಲಿ ಡೀಸೆಲ್ಲಿನ ಘಾಟು, ಒದ್ದೆ ಸಿಮೆಂಟು. ಮೆಲ್ಲಣ್ಣ ತನ್ನ ಬಸ್ಸಿನ ಮುಂದಿನ ಗಾಜನ್ನು ಹಳೆಯ ಪೇಪರಿನಿಂದ ಒರೆಸುತ್ತಿದ್ದ. ಅವಳನ್ನು ಕಂಡವನೇ ಪೇಪರನ್ನು ಹಿಂದಕ್ಕೆ ಹಿಡಿದು, "ಏನು ಮೇಡಂ, ಇಷ್ಟು ದೂರ?" ಎಂದ.

ಹೇಗೆ ಶುರುಮಾಡಬೇಕೆಂದು ಮೆಟ್ಟಿಲಿಳಿಯುತ್ತ ಕೂಡಿಸಿಟ್ಟಿದ್ದ ಮಾತೆಲ್ಲ ಅವಳಿಗೆ ಮರೆತುಹೋಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪ್ರೋಗ್ರಾಂ ಬದಲಾಗುತ್ತಿರುವುದು, ಅದರಲ್ಲೊಂದು ಸಾಲು ಸಿಕ್ಕಿದ್ದು, ಆ ಸಾಲು ಅವನನ್ನು ಹದಿನೇಳಕ್ಕೆ ಹಾಕದಂತೆ ತಡೆಯುತ್ತಿದ್ದುದು.

ಮೆಲ್ಲಣ್ಣ ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ಬರ್ದಿಟ್ಟಿದ್ರಾ?" ಎಂದ. "ನನ್ನ ನಂಬರೇ?"

"ಹೂಂ."

"ನಾನು ಅಂದ್ಕೊಂಡಿದ್ದು ಸರಿ ಹಾಗಾದ್ರೆ." ಅವನು ನಗಲು ನೋಡಿದ, ಆಗಲಿಲ್ಲ. "ಆ ತನಿಖೆ ಕಾಗದದಲ್ಲಿ ತಪ್ಪಿಲ್ಲ ಅಂತ ಬಂತಲ್ಲ ಮೇಡಂ, ಆಮೇಲೆ ಪ್ರತಿ ವಾರ ಪಟ್ಟಿ ಹಾಕಿದಾಗ ಹದಿನೇಳು ಬಂತಾ ಅಂತ ನೋಡ್ತಿದ್ದೆ. ಬಂದ್ರೆ ಹೋಗಿಬರೋಣ, ಒಂದು ಸಲ ಆ ತಿರುವು ದಾಟಿಬಿಟ್ರೆ ಎದೆಯ ಭಾರ ಇಳಿಯುತ್ತೆ ಅಂತ. ಬರ್ಲೇ ಇಲ್ಲ. ಜೊತೆಯವನ ಹತ್ರ ಡ್ಯೂಟಿ ಬದಲಿ ಮಾಡ್ಕೊಂಡು ನೋಡ್ದೆ. ಕಂಪ್ಯೂಟರ್ ಒಪ್ತಿಲ್ಲ ಅಂತ ವಾಪಸ್ ಬಂತು. ಆಗ ಗೊತ್ತಾಯ್ತು. ಬಾಯಲ್ಲಿ ತಪ್ಪಿಲ್ಲ ಅಂತಾರೆ, ಒಳಗೆ ನಂಬಿಕೆ ಇಲ್ಲ."

"ಅಯ್ಯೋ, ಹಾಗಲ್ಲ..."

"ತರಬೇತಿ ಕೊಡೋ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಎಲ್ಲಾ ಮಾರ್ಗದಲ್ಲೂ ಓಡಿಸಿರಬೇಕಂತೆ. ನಂದು ಒಂದು ಮಾರ್ಗ ಕಮ್ಮಿ. ನನ್ನ ಹೆಂಡ್ತಿ ಹೋಗಿ ಕೇಳಿ, ಹೋಗಿ ಕೇಳಿ ಅಂತ ಪೀಡಿಸಿದ್ಲು. ಏನಂತ ಕೇಳಲಿ? ಒಬ್ಬರ ಜೀವ ಹೋಗಿದೆ." ಕೈಯಲ್ಲಿದ್ದ ಪೇಪರನ್ನು ಅವನು ಸಣ್ಣ ಸಣ್ಣ ಚೂರಾಗಿ ಹರಿಯುತ್ತಿದ್ದ. "ಯಾರು ಬರ್ದಿದ್ದು ಮೇಡಂ?"

"ನಮ್ಮನೆಯವರು. ನಿಮ್ಮ ಮೇಲಿನ ಅನುಮಾನಕ್ಕಲ್ಲ ಮೆಲ್ಲಣ್ಣ. ಆ ದಿನ ನಿಮ್ಮನ್ನ ನೋಡಿ ಅವರ ಕರುಳು ಚುರುಕ್ ಅಂದಿತ್ತು. ನಿಮಗೆ ಕಷ್ಟ ಆಗಬಾರದು ಅಂತಲೇ ಮಾಡಿದ್ದು."

ಮೆಲ್ಲಣ್ಣ ತಲೆಯೆತ್ತಿ ಕಚೇರಿಯ ಮೇಲಿನ ಮಹಡಿಯನ್ನು ನೋಡಿದ. "ಒಳ್ಳೇ ಮನುಷ್ಯ ಅವರು. ಸಿಕ್ಕಾಗೆಲ್ಲ ಊಟ ಆಯ್ತಾ ಅಂತ ಕೇಳ್ತಾರೆ," ಎಂದ. "ಇದನ್ನೂ ಒಂದು ಮಾತು ಕೇಳಬಹುದಿತ್ತು."

ಎದ್ದು ನಿಂತು ಚೂರುಗಳನ್ನೆಲ್ಲ ಹೆಕ್ಕಿ ಜೇಬಿಗೆ ಹಾಕಿಕೊಂಡ. "ತೆಗೀರಿ ಮೇಡಂ ಅದನ್ನ."

ಸಂಜೆ ಅಡುಗೆಮನೆಯಲ್ಲಿ ಗಂಡ ಈರುಳ್ಳಿ ಹೆಚ್ಚುತ್ತಿದ್ದಾಗ ಅವಳು ಎಲ್ಲವನ್ನೂ ಹೇಳಿದಳು. ಅವನು ಮೊದಲು ಸಿಟ್ಟಾದ. "ನಾನೇನು ಅವನಿಗೆ ದ್ರೋಹ ಬಗೆದ್ನಾ? ಒಳ್ಳೇದು ಮಾಡಿದ್ದೂ ತಪ್ಪಾ? ಬೇಕಾಗಿದ್ರೆ ಬಂದು ಕೇಳ್ಬೇಕಿತ್ತು, ಬಾಯಿಲ್ವಾ ಅವನಿಗೆ?" ಎಂದು ಚಾಕು ಕುಕ್ಕಿದ. ಅವಳು ಒಲೆ ಸಣ್ಣಗೆ ಮಾಡಿದಳು. ಅವನು ಹೊರಗೆ ಹೋದ, ಚಪ್ಪಲಿ ಹಾಕಿದ, ಬಿಟ್ಟ, ಮತ್ತೆ ಒಳಗೆ ಬಂದ.

"ತರಬೇತಿ ಕೆಲಸಕ್ಕೆ ಅರ್ಜಿ ಹಾಕಿದ್ನಂತಾ?"

"ಹೂಂ."

"ಬದಲಿನೂ ಕೇಳಿದ್ನಾ?"

"ಹೂಂ ರೀ."

"ಬದಲಿಗೂ ಆ ತಡೆ ನಾನೇ ಹಾಕಿದ್ದು," ಎಂದ ಅವನು. "ಪಕ್ಕಾ ಇರಲಿ ಅಂತ." ಈರುಳ್ಳಿಯ ತಟ್ಟೆಯನ್ನು ಅವಳ ಕಡೆ ಸರಿಸಿದ.

ಮರುದಿನ ಅವಳಿಗಿಂತ ಮೊದಲೇ ಅವನು ಪರದೆಯ ಎದುರು ಕೂತಿದ್ದ. ಪ್ರಶ್ನೆ ಹಾಗೆಯೇ ಕಾದಿತ್ತು. "ನಾನೇ ಹಾಕ್ತೀನಿ," ಎಂದು ಕೀಲಿಮಣೆ ಎಳೆದುಕೊಂಡ. ತೆಗೆಯಿರಿ ಎಂದು ಬರೆದ. ಕಾರಣದ ಜಾಗದಲ್ಲಿ ಏನೋ ಬರೆದು ಅಳಿಸಿದ, ಇನ್ನೇನೋ ಬರೆದು ಅಳಿಸಿದ, ಕೊನೆಗೆ "ನೌಕರರನ್ನು ಕೇಳಲಾಗಿದೆ" ಎಂದಷ್ಟೇ ಹಾಕಿದ. ಸಾಧನ ಕ್ಷಣದಲ್ಲಿ ಮುಂದಿನ ಪುಟಕ್ಕೆ ಹೋಯಿತು. ಡಿಪೋಗೆ ಹೋಗಿ ಮೆಲ್ಲಣ್ಣನನ್ನು ಕಾಣಲು ಮಾತ್ರ ಅವನ ಕಾಲು ಏಳಲಿಲ್ಲ. ಎರಡು ಸಲ ಮೆಟ್ಟಿಲವರೆಗೆ ಹೋಗಿ ಬಂದ. ಊಟದ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಓಡಾಡಿದ.

ಹೊಸ ಪ್ರೋಗ್ರಾಮಿನ ಮೊದಲ ಪಟ್ಟಿ ಹೊರಬಿತ್ತು. ಮೆಲ್ಲಣ್ಣನಿಗೆ ಗುರುವಾರ ಮಧ್ಯಾಹ್ನ ಹದಿನೇಳು.

ಗುರುವಾರ ಗಂಡ "ಹಲ್ಲಿನ ಡಾಕ್ಟರ ಹತ್ರ ಹೋಗಬೇಕು" ಎಂದು ಅರ್ಧ ದಿನ ರಜೆ ಹಾಕಿ ಹೊರಟ. ಅವನ ಹಲ್ಲಿಗೆ ಏನೂ ಆಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳೂ ಚೀಲ ಹೆಗಲಿಗೇರಿಸಿ ಇಳಿದಳು. ಬಸ್ಸು ಹೊರಡುವ ನಿಲ್ದಾಣದಲ್ಲಿ ಅವನು ಕಂಬಕ್ಕೆ ಆತು ನಿಂತಿದ್ದ. ಅವಳನ್ನು ನೋಡಿ, "ನಿನಗೂ ಹಲ್ಲುನೋವಾ?" ಎಂದ.

"ಹೂಂ, ನಿಮ್ಮಿಂದಲೇ," ಎಂದಳು.

ಬಸ್ಸು ಬಂತು. ಇಬ್ಬರೂ ಹಿಂದಿನ ಬಾಗಿಲಿನಿಂದ ಹತ್ತಿ ಹಿಂದಿನ ಸೀಟಿನಲ್ಲಿ ಕೂತರು. ಕನ್ನಡಿಯಲ್ಲಿ ಮೆಲ್ಲಣ್ಣನ ಕಣ್ಣು ಒಮ್ಮೆ ಅವರ ಮೇಲೆ ನಿಂತು ರಸ್ತೆಗೆ ಮರಳಿತು. ಅಂಗಡಿ ಸಾಲು ಕಳೆಯಿತು, ಶಾಲೆ ಕಳೆಯಿತು. ಗಂಡ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಗಿರಣಿಯ ಗೋಡೆ ಕಾಣಿಸಿದಾಗ ಬಸ್ಸಿನ ವೇಗ ತಗ್ಗಿತು, ಗೇರು ಕಿರುಗುಟ್ಟಿತು. ಮೆಲ್ಲಣ್ಣ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಇಳಿಜಾರಿನ ಮೇಲ್ಗಡೆ ಮತ್ತೊಮ್ಮೆ ನೋಡಿದ. ಹಿಂದಿನಿಂದ ಯಾರೋ ಹಾರ್ನ್ ಬಾರಿಸಿದರು. ಅವನು ಅವಸರ ಮಾಡಲಿಲ್ಲ. ಬಸ್ಸು ತಿರುಗಿತು. ಪಕ್ಕದ ಸೀಟಿನ ಹೆಂಗಸು ಮಗುವಿಗೆ ಬಿಸ್ಕತ್ತು ಮುರಿದು ಕೊಡುತ್ತಲೇ ಇದ್ದಳು.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಮೆಲ್ಲಣ್ಣ ಎಂಜಿನ್ ಆರಿಸಿ, ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಹಾಗೆಯೇ ಕೂತಿದ್ದ. ಗಂಡ ಎದ್ದ. ಸೀಟುಗಳನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಮುಂದೆ ಹೋಗಿ, ಡ್ರೈವರಿನ ಹಿಂದಿನ ಕಂಬಿಯ ಬಳಿ ನಿಂತ. ಅವಳಿಗೆ ಅವನ ಬೆನ್ನು ಕಾಣುತ್ತಿತ್ತು.

ಮೆಲ್ಲಣ್ಣ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈ ಚಾಚಿ, ಪಕ್ಕದ ಎಂಜಿನ್ ಮುಚ್ಚಳದ ಮೇಲಿದ್ದ ತನ್ನ ಚೀಲವನ್ನೂ ನೀರಿನ ಬಾಟಲಿಯನ್ನೂ ಎತ್ತಿ ಕಾಲಬುಡಕ್ಕೆ ಇಟ್ಟುಕೊಂಡ. ಖಾಲಿಯಾದ ಜಾಗದ ಧೂಳನ್ನು ಅಂಗೈಯಿಂದ ಒಮ್ಮೆ ಸವರಿದ. ಗಂಡ ಅಲ್ಲಿ, ಇನ್ನೂ ಬಿಸಿ ಆರದ ಮುಚ್ಚಳದ ಮೇಲೆ, ಅಂಚಿಗೆ ಕೂತ.