ಹವಾಲ್ದಾರರ ಜಗಲಿ

"ಮೂಗು ಮುಚ್ಚಬೇಡ. ಮಿಲಿಟ್ರಿಯಲ್ಲಿ ನಿನ್ನ ಮೂಗು ಮುಚ್ಚಲಿಕ್ಕೆ ಯಾರೂ ಬರುವುದಿಲ್ಲ" ಎಂದು ಧರ್ಣಪ್ಪ ಲೋಟ ಮುಂದೆ ಹಿಡಿದ.

ಹಾಲಿನ ಮೇಲೆ ಹಸಿ ಮೊಟ್ಟೆ ತೇಲುತ್ತಿತ್ತು. ಅಭಯಚಂದ್ರ ಕಣ್ಣು ಮುಚ್ಚಿ ಎತ್ತಿದ. ಲೋಳೆ ಅರ್ಧ ಗಂಟಲಿಗಿಳಿದು ಅರ್ಧ ನಾಲಗೆಯ ಮೇಲೇ ಉಳಿಯಿತು. ಮೊದಮೊದಲು ಬೇಲಿಯಾಚೆ ಓಡಿ ಕಾರಿಕೊಳ್ಳುತ್ತಿದ್ದ. ಈಗ ಕಣ್ಣಲ್ಲಿ ನೀರು ಬರುತ್ತಿತ್ತು, ಅಷ್ಟೆ.

ಧರ್ಣಪ್ಪ ಬಾಂಗ್ಲಾ ಯುದ್ಧ ಮುಗಿಸಿ ಪೆನ್ಶನ್ ಮೇಲೆ ಮೂಡುಬಿದಿರೆಗೆ ಬಂದ ಹವಾಲ್ದಾರ. ಬೆಳಗಾಗುವ ಹೊತ್ತಿಗೆ ಹೈಸ್ಕೂಲು ಹುಡುಗರನ್ನು ಮೈದಾನದಲ್ಲಿ ಓಡಿಸಿ ಮಿಲಿಟ್ರಿ ಭರ್ತಿಗೆ ತಯಾರು ಮಾಡುತ್ತಿದ್ದ. ಅಭಯನ ತಂದೆ ಸಂಪತ್‌ಕುಮಾರ ಇಂದ್ರರು ಜೈನ ಬಸದಿಯೊಂದರಲ್ಲಿ ಪೂಜೆ ಮಾಡುವವರು. ಸೂರ್ಯ ಮುಳುಗಿದ ಮೇಲೆ ತುತ್ತು ಎತ್ತದ ಮನೆ. ಮಗನಿಗೋ ಎನ್‌ಸಿಸಿಯ ಬೂಟು ಹಾಕಿದಂದಿನಿಂದ ಮಿಲಿಟ್ರಿ ಬಿಟ್ಟು ಬೇರೆ ಧ್ಯಾನವಿಲ್ಲ. ಓಟದಲ್ಲಿ ಅವನೇ ಮುಂದು, ಎದೆಯ ಸುತ್ತಳತೆ ಮಾತ್ರ ಸಾಲದು.

"ಸೊಪ್ಪು ತಿಂದು ಎದೆ ಉಬ್ಬುವುದಿಲ್ಲ ಮಾರಾಯ. ಮಾಂಸ ತಿನ್ನದವನನ್ನು ಅಲ್ಲಿಂದ ವಾಪಸು ಕಳಿಸ್ತಾರೆ" ಎಂದಿದ್ದ ಧರ್ಣಪ್ಪ. ಯುದ್ಧ ಕಂಡವನ ಮಾತು, ಅಭಯ ನಂಬಿದ. ದಿನಾ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ, ಪೇರಳೆ ಎಲೆ ಜಗಿದು ಮನೆಗೆ ಹೋಗುತ್ತಿದ್ದ. ಅಪ್ಪ ಅಭಿಷೇಕದ ಗಂಧೋದಕ ಕೊಡುವಾಗ ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಿದ್ದ. ತನ್ನ ಬಾಯಿ ತನಗೇ ಅಸಹ್ಯವಾಗಿತ್ತು.

ಒಂದು ಆದಿತ್ಯವಾರ ಧರ್ಣಪ್ಪ ಮನೆಗೆ ಕರೆದ. ಜಗಲಿಯಲ್ಲಿ ಅವನ ಗೆಳೆಯರು ಗ್ಲಾಸು ಹಿಡಿದು ಕುಳಿತಿದ್ದರು. ರಜೆಯಲ್ಲಿ ಬಂದ ಸೈನಿಕ ಡೊಂಬಯ್ಯನೂ ಇದ್ದ. ಅಭಯನ ಮುಂದೆ ತಟ್ಟೆ ಬಂತು: ಕೋಳಿಯ ಕಾಲು, ಚರ್ಮದಲ್ಲಿ ಗರಿ ಕಿತ್ತ ಬೊಟ್ಟುಗಳು ಹಾಗೆಯೇ. ಎಲ್ಲರ ಕಣ್ಣೂ ಅವನ ಬಾಯಿಯ ಮೇಲೆ. ಕಚ್ಚಿದ. ಹಲ್ಲಿನ ನಡುವೆ ನರವೊಂದು ರಬ್ಬರಿನಂತೆ ಎಳೆಯಿತು.

"ಯಾಕೆ ಕಷ್ಟಪಡ್ತಿ ತಮ್ಮ?" ಎಂದ ಡೊಂಬಯ್ಯ. "ನಮ್ಮಲ್ಲಿ ತಿನ್ನದವರಿಗೆ ಬೇರೆ ಅಡುಗೆ ಉಂಟು. ನನ್ನ ಪಕ್ಕದ ಮಂಚದವನು ಬೆಳ್ಳುಳ್ಳಿ ಸಹ ಮುಟ್ಟುವುದಿಲ್ಲ."

ಧರ್ಣಪ್ಪ ತೊಡೆ ತಟ್ಟಿ ನಕ್ಕ. "ನನಗೆ ಗೊತ್ತಿಲ್ಲವಾ ಮಾರಾಯ! ಇಂದ್ರರ ಮಗ ಎಲುಬು ಚೀಪುವುದನ್ನು ಇವರಿಗೆಲ್ಲ ತೋರಿಸಬೇಕಿತ್ತು."

ಜಗಲಿ ಗೊಳ್ಳೆಂದಿತು. ನಗುವಾಗ ಒಬ್ಬನ ಬಾಯಿಯಿಂದ ಅಗಿದ ಚೂರು ಚಾಪೆಗೆ ಬಿತ್ತು. ಅವನು ಅದನ್ನು ಹೆಕ್ಕಿ ಮತ್ತೆ ಬಾಯಿಗೆ ಹಾಕಿಕೊಂಡ. ಧರ್ಣಪ್ಪನ ಮೀಸೆಯಲ್ಲಿ ಸಾರಿನ ಎಣ್ಣೆ ಹೊಳೆಯುತ್ತಿತ್ತು. ದಿನಾ ಬೆಳಿಗ್ಗೆ ಈ ಮುಖಕ್ಕೇ ತಾನು ಸೆಲ್ಯೂಟ್ ಹೊಡೆದದ್ದು.

ಅಭಯ ಬಾಯಲ್ಲಿದ್ದುದನ್ನು ತೆಗೆದು ತಟ್ಟೆಯಲ್ಲಿಟ್ಟ.

"ನೀವು ಸಹ ಯೂನಿಫಾರ್ಮು ಹಾಕಿದವರಲ್ವಾ, ಧರ್ಣಪ್ಪಣ್ಣ?"

"ಏ, ತಮಾಷೆಗೆ ಮಾರಾಯ, ಕೂತ್ಕೋ..."

ಅವನು ಆಗಲೇ ಅಂಗಳ ದಾಟಿದ್ದ.

ಮನೆಯಲ್ಲಿ ಅಪ್ಪ ದೀಪದ ಬತ್ತಿ ಹೊಸೆಯುತ್ತಿದ್ದರು. ಅಭಯ ಒಳಗೆ ಕಾಲಿಡದೆ, ಹೊಸ್ತಿಲಾಚೆ ನಿಂತು ಎಲ್ಲವನ್ನೂ ಹೇಳಿದ. ಒಳಗೆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಾಣಿಸಿತು.

"ಯಾರು ಕೊಟ್ಟದ್ದು?" ಅಪ್ಪನ ದನಿ ಏರಲಿಲ್ಲ.

"ಧರ್ಣಪ್ಪಣ್ಣ. ತಿಂದದ್ದು ನಾನು." ಸ್ವಲ್ಪ ತಡೆದು ಸೇರಿಸಿದ, "ಇನ್ನು ತಿನ್ನುವುದಿಲ್ಲ. ಆದರೆ ಮಿಲಿಟ್ರಿಗೆ ಹೋಗುವವನೇ."

ಅಪ್ಪ ಏನನ್ನೋ ತುಳಿದವರಂತೆ ಮುಖ ಕಿವುಚಿ, ಬತ್ತಿಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. ಧರ್ಣಪ್ಪನ ನಗುವಿಗಿಂತ ಅದೇ ಹೆಚ್ಚು ಚುಚ್ಚಿತು.

ಮರುದಿನ ಬೆಳಿಗ್ಗೆ ಅಭಯ ಕ್ಯಾನ್ವಾಸ್ ಶೂ ಹುಡುಕುತ್ತ ಹೊರಗೆ ಬಂದ. ಮೆಟ್ಟಿಲ ಮೇಲೆ ಒಂದು ಬಟ್ಟಲು ನೆನೆಸಿದ ಕಡಲೆ, ಪಕ್ಕದಲ್ಲಿ ಬೆಲ್ಲದ ಚೂರು. ಇಟ್ಟವರು ಯಾರೆಂದು ತಿಳಿಯಲಿಲ್ಲ. ಅಡುಗೆಮನೆ ಕತ್ತಲಾಗಿತ್ತು, ಬಾವಿಕಟ್ಟೆಯಲ್ಲಿ ಅಪ್ಪ ಈ ಕಡೆ ಬೆನ್ನು ಹಾಕಿ ನೀರು ಸೇದುತ್ತಿದ್ದರು. ಮೈದಾನದ ಕಡೆಯಿಂದ ಧರ್ಣಪ್ಪನ ಸೀಟಿ ಕೇಳಿಸಿತು. ಅಭಯ ಮುಷ್ಟಿ ತುಂಬ ಕಡಲೆ ತೆಗೆದುಕೊಂಡು, ಮೈದಾನದ ದಾರಿ ಬಿಟ್ಟು ಮಿಜಾರು ಊರಿನ ರಸ್ತೆಗೆ ತಿರುಗಿದ. ನಿಧಾನ ಜಗಿಯುತ್ತ, ನುಂಗಲಾಗದೆ, ಮತ್ತೆ ಜಗಿಯುತ್ತ ಓಡತೊಡಗಿದ.